ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ

ವಿಶ್ವವಿದ್ಯಾಲಯದಲ್ಲಿ ನೌಕರರು ಎರಡು ಬಗೆ. ಪಾಠ ಹೇಳುವವರು ಬೋಧಕರು, ಉಳಿದವರೆಲ್ಲ ಬೋಧಕೇತರರು. ಈ ಎರಡಕ್ಕೂ ಸೇರದೆ, ಎರಡೂ ಬಗೆಯವರನ್ನು ಮೇಜಿನ ಆಚೆ ಕೂರಿಸಿಕೊಂಡು ಈಚೆ ಬೆವರುವ ಮೂರನೆಯ ಬಗೆಯೊಂದಿದೆ. ಅವರಿಗೆ ಅರ್ಜಿದಾರರು ಎಂದು ಹೆಸರು. ಆ ಶ್ರೇಣಿಯಲ್ಲಿ ನಾನೀಗ ಸಾಕಷ್ಟು ಸೀನಿಯರ್. ಬಡ್ತಿಯಿಲ್ಲ, ವರ್ಗಾವಣೆಯ ಭಯವಿಲ್ಲ, ಖರ್ಚೆಲ್ಲ ನಮ್ಮದೇ.

ನಮ್ಮದು ಕುಂದಾಪುರ ಸೀಮೆಯ ಕೋಟೇಶ್ವರ. ಇತಿಹಾಸದಲ್ಲಿ ಎಂ.ಎ. ಮಾಡಿದೆ. ಅದು ಸಾಲದೆಂದು ಬಸ್ರೂರಿನ ಹಳೆಯ ವ್ಯಾಪಾರದ ಮೇಲೆ ಎಂ.ಫಿಲ್ ಮಾಡಿದೆ. ಅದೂ ಸಾಲದೆಂದು ಬಸ್ರೂರಿನಿಂದಲೇ ಹೆಣ್ಣು ತಂದೆ. ಹೊಟ್ಟೆಪಾಡು ಸಾಗುವುದು ಹೈಸ್ಕೂಲು ಮಕ್ಕಳ ಟ್ಯೂಶನ್ನಿನಿಂದ ಮತ್ತು ಮನೆ ಸುತ್ತಲಿನ ತೆಂಗಿನ ಮರಗಳಿಂದ. ಫಲ ಕೊಡುವುದು ಬಿಡುವುದು ಇಬ್ಬರದ್ದೂ ಅವರವರ ಇಷ್ಟ. ಊರಲ್ಲಿ ಎಲ್ಲರೂ ನನ್ನನ್ನು ಮಾಷ್ಟ್ರೆ ಎನ್ನುತ್ತಾರೆ. ಯಾವ ಶಾಲೆಯ ಮಾಷ್ಟ್ರು ಎಂದು ಯಾರೂ ಕೇಳದಿರುವುದು ಊರಿನವರ ದೊಡ್ಡತನ.

ನಮ್ಮ ಮನೆಯಿಂದ ತೆಂಕಕ್ಕೆ ಹೋದರೆ ಕೋಟ, ಈಗ ಬ್ರಹ್ಮಾವರ ತಾಲೂಕು. ಅಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಕಾಲೇಜು ಬಿಟ್ಟವರನ್ನು ಹುಡುಕಿಕೊಂಡು ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಹಿಡಿದು ಬಂದವು. ‘ಯಕ್ಷಗಾನ ಬಯಲಾಟ’ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯುವಾಗ ಅವರಿಗೆ ನೆಟ್ ಪರೀಕ್ಷೆ ಆಗಿದೆಯೇ ಎಂದು ಯಾರೂ ಕೇಳಲಿಲ್ಲ. ಬಡಗಕ್ಕೆ ಹೋದರೆ ಬೈಂದೂರು ತಾಲೂಕಿನ ಮೊಗೇರಿ. ಅಲ್ಲಿಯ ಗೋಪಾಲಕೃಷ್ಣ ಅಡಿಗರು ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಫೆಲೋ ಆಗಿದ್ದವರು. ನಮ್ಮ ಮನೆ ಈ ಎರಡು ಊರುಗಳ ನಡುವೆ ಇದೆ. ತೆಂಕಣ ಗಾಳಿಯೂ ಬೀಸುತ್ತದೆ, ಬಡಗಣ ಗಾಳಿಯೂ ಬೀಸುತ್ತದೆ. ನನಗೆ ತಾಗಿದ್ದು ಮಾತ್ರ ಪಡುವಣದ ಉಪ್ಪುಗಾಳಿ. ಅದರಿಂದ ಕಬ್ಬಿಣದ ಬೀರುವಿಗೆ ತುಕ್ಕು ಹಿಡಿದು, ಒಳಗಿದ್ದ ಎಂ.ಎ. ಅಂಕಪಟ್ಟಿಯ ಅಂಚಿಗೂ ಕೆಂಪು ಇಳಿದಿದೆ.

ಮೊದಲಿಗೆ ನಾನು ಕಣ್ಣಿಟ್ಟಿದ್ದು ಬೋಧಕ ಹುದ್ದೆಯ ಮೇಲೆಯೇ. ಅದಕ್ಕೆ ಯುಜಿಸಿಯವರು 2018ರ ನಿಯಮದಲ್ಲಿ ಒಂದು ಅಂಕಪಟ್ಟಿ ಕೊಟ್ಟಿದ್ದಾರೆ. ಸಂದರ್ಶನಕ್ಕೆ ಕರೆಯುವ ಮೊದಲು ಅಭ್ಯರ್ಥಿಯನ್ನು ನೂರಕ್ಕೆ ತೂಗುವ ತಕ್ಕಡಿ ಅದು. ಪಿಎಚ್.ಡಿ.ಗೆ 30. ನೆಟ್‌ಗೆ 5, ಜೆಆರ್‌ಎಫ್ ಸಹಿತ ನೆಟ್ ಆದರೆ 7, ಸ್ಲೆಟ್‌ಗೆ 3. ಪ್ರಕಟಿಸಿದ ಸಂಶೋಧನಾ ಲೇಖನ ಒಂದಕ್ಕೆ 2, ಎಷ್ಟೇ ಬರೆದರೂ 10ರ ಮೇಲೆ ಇಲ್ಲ. ಪಾಠ ಮಾಡಿದ ಅನುಭವ ವರ್ಷಕ್ಕೆ 2, ಅದೂ 10ಕ್ಕೆ ಮುಗಿಯಿತು. ರಾಜ್ಯಮಟ್ಟದ ಪ್ರಶಸ್ತಿಗೆ 2. ಪಿಯುಸಿ ಓದುವ ಮಗಳು ಕಾಗದ ಪೆನ್ಸಿಲ್ ಹಿಡಿದು ಕೂತು ನನ್ನನ್ನು ಕೂಡಿಸಿದಳು. ತಾಲೂಕು ಮಟ್ಟದ ಪ್ರಬಂಧ ಸ್ಪರ್ಧೆಯ ಎರಡನೇ ಬಹುಮಾನಕ್ಕೆ ಎಷ್ಟು ಎಂದು ಕೇಳಿದೆ. “ಅಪ್ಪಯ್ಯ, ಅದ್ರ ಸ್ಟೀಲ್ ತಟ್ಟೆಯಂಗೆ ದಿನಾ ಉಣ್ತ್ರಿ ಅಲ್ದಾ, ಅದೇ ಮಾರ್ಕ್” ಎಂದಳು.

ಅಂಕ ಹೆಚ್ಚಿಸಿಕೊಳ್ಳಲು ನಾನು ಕೈಕಟ್ಟಿ ಕೂತವನಲ್ಲ. ಆದರೆ ನಾನು ಕೈಯಿಟ್ಟದ್ದಕ್ಕೆಲ್ಲ ದೇಶಮಟ್ಟದಲ್ಲಿ ಏನೋ ಒಂದು ಆಗುತ್ತ ಬಂತು. ಎಂ.ಫಿಲ್ ಮಾಡಿದೆನಲ್ಲ, 2022ರ ನಿಯಮದಲ್ಲಿ ಯುಜಿಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಎಂದಿದ್ದರು. ಗೈಡ್ ಹುಡುಕಲು ಹೊರಡುವಷ್ಟರಲ್ಲಿ ಕೋವಿಡ್ ಕಾರಣಕ್ಕೆ 2023ರವರೆಗೆ ಮುಂದೆ ಹೋಯಿತು. 2023ರ ಜುಲೈ ಬಂದಾಗ, ಪಿಎಚ್.ಡಿ. ಇಲ್ಲದಿದ್ದರೂ ಸರಿ, ನೆಟ್ ಅಥವಾ ಸ್ಲೆಟ್ ಸಾಕು ಎಂದರು. ಸರಿ, ನೆಟ್ ಕಟ್ಟಿದೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂಬ ಧೈರ್ಯದಲ್ಲಿ 2024ರ ಜೂನ್ 18ರಂದು ಮಳೆಯಲ್ಲಿ ತೋಯುತ್ತ ಹೋಗಿ ಬರೆದೆ. ಮರುದಿನ ಇಡೀ ದೇಶಕ್ಕೆ ಪರೀಕ್ಷೆಯೇ ರದ್ದು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬರೆದಿದ್ದ ಪರೀಕ್ಷೆ. ನಾನು ಫೇಲಾಗುವುದು ನಮ್ಮ ಮನೆಗೆ ರೂಢಿ. ಪರೀಕ್ಷೆಯೇ ಫೇಲಾದದ್ದು ಅದೇ ಮೊದಲು. ಹಠ ಹಿಡಿದು, ಮಾನ್ಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯಲ್ಲಿದ್ದ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿದೆ. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು.

ಅಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದಳು. ಎಲ್ಲ ಕೇಳಿ, “ನೀ ಮುಟ್ಟದ್ದೆಲ್ಲ ನಿಂತ್ ಹೋತ್ತಲ್ದಾ ಮಗಾ. ಆ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಅಷ್ಟ್ ವರ್ಷ ನಿಂತಿತ್ತಲೆ, ಅದ್ಕೂ ನೀನೇ ಅರ್ಜಿ ಹಾಕಿದ್ಯಾ ಎಂತ?” ಎಂದಳು. ಕುಂದಾಪುರದಲ್ಲಿ ಆ ಫ್ಲೈಓವರಿನ ಅಡಿಯಲ್ಲಿ ವರ್ಷಗಟ್ಟಲೆ ಧೂಳು ಕುಡಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಹಾಗೆ ನಾನು ಬೋಧನೆಯ ಆಸೆ ಬಿಟ್ಟು ಸಂಶೋಧನೆಗೆ ಹೆಗಲು ಕೊಡುವ ಹುದ್ದೆಗಳತ್ತ ತಿರುಗಿದೆ. ಪ್ರಾಜೆಕ್ಟ್ ಅಸಿಸ್ಟೆಂಟ್, ರಿಸರ್ಚ್ ಅಸಿಸ್ಟೆಂಟ್, ಫೀಲ್ಡ್ ಇನ್ವೆಸ್ಟಿಗೇಟರ್, ಮ್ಯೂಸಿಯಂ ಸಹಾಯಕ, ತಾಂತ್ರಿಕ ಸಹಾಯಕ. ಪ್ರೊಫೆಸರರೊಬ್ಬರಿಗೆ ದೆಹಲಿಯಿಂದ ಒಂದು ಯೋಜನೆ ಮಂಜೂರಾಗುತ್ತದೆ. ಅವರು ಪ್ರಧಾನ ಸಂಶೋಧಕರು. ಊರೂರು ತಿರುಗಿ ಕೇಳುವವರು, ಬರೆದುಕೊಳ್ಳುವವರು, ಬರೆದದ್ದನ್ನು ಕಂಪ್ಯೂಟರಿಗೆ ಹಾಕುವವರು, ಬಿಲ್ಲು ವೋಚರು ಅಂಟಿಸುವವರು ನಾವು. ಸಮಾಜ ವಿಜ್ಞಾನದ ಯೋಜನೆಗಳಿಗೆ ಹಣ ಕೊಡುವ ಐಸಿಎಸ್‌ಎಸ್‌ಆರ್‌ನ ಈಚಿನ ದರದಲ್ಲಿ ರಿಸರ್ಚ್ ಅಸಿಸ್ಟೆಂಟಿಗೆ ತಿಂಗಳಿಗೆ 37,000 ರೂಪಾಯಿ, ಫೀಲ್ಡ್ ಇನ್ವೆಸ್ಟಿಗೇಟರಿಗೆ 20,000. ತೆಂಗಿನಕಾಯಿಯ ದರ ಗೊತ್ತಿದ್ದವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಹುದ್ದೆ ಸಂಪೂರ್ಣ ತಾತ್ಕಾಲಿಕ, ವೇತನ ಕ್ರೋಢೀಕೃತ, ಅವಧಿ ಹೆಚ್ಚಾಗಿ ಹನ್ನೊಂದು ತಿಂಗಳು. “ಮನಿ ಬಾಡ್ಗಿ ಕರಾರ್ ಹನ್ನೊಂದ್ ತಿಂಗ್ಳಿಗ್ ಮಾಡುದ್ ಕಂಡಿದ್ದೆ. ಮನ್ಷರ್ನೂ ಹನ್ನೊಂದ್ ತಿಂಗ್ಳಿಗೇ ತಕಂತ್ರಾ?” ಎಂದು ಅಮ್ಮ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಇಂಥ ಹುದ್ದೆಗಳ ಅಧಿಸೂಚನೆ ಓದುವುದೇ ಒಂದು ವಿದ್ಯೆ. ಮೊದಲ ಅರ್ಧ ಪುಟ ಹುದ್ದೆಯ ಬಗ್ಗೆ, ಉಳಿದ ಮೂರು ಪುಟ ಅಭ್ಯರ್ಥಿ ಏನನ್ನು ಅಪೇಕ್ಷಿಸಬಾರದು ಎಂಬುದರ ಬಗ್ಗೆ. ಪ್ರಯಾಣಭತ್ಯೆ ನೀಡಲಾಗುವುದಿಲ್ಲ. ಖಾಯಮಾತಿಗೆ ಹಕ್ಕು ಇರುವುದಿಲ್ಲ. ಯಾವುದೇ ಕಾರಣ ನೀಡದೆ ಅಧಿಸೂಚನೆಯನ್ನು ರದ್ದುಪಡಿಸುವ ಹಕ್ಕನ್ನು ಕಾಯ್ದಿರಿಸಲಾಗಿದೆ. ಅಪೂರ್ಣ ಅರ್ಜಿಗಳನ್ನು ತಿರಸ್ಕರಿಸಲಾಗುವುದು. ಎಲ್ಲಕ್ಕಿಂತ ಕೊನೆಗೆ, ಈ ಸಂಬಂಧ ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ.

ಇವನ್ನು ನಾನು ಚಾವಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತ ಬಂದುದರ ಫಲ ಇಷ್ಟು: ಈಗ ನಮ್ಮ ಮನೆಯ ಆಡುಮಾತು ಅರ್ಧ ಕುಂದಾಪ್ರ ಕನ್ನಡ, ಅರ್ಧ ಕುಲಸಚಿವರ ಕನ್ನಡ. ಬೆಳಿಗ್ಗೆ ಎರಡನೇ ಲೋಟ ಕಾಫಿ ಕೇಳಿದರೆ ಹೆಂಡತಿ ಅಡುಗೆಮನೆಯಿಂದಲೇ “ಈ ಸಂಬಂಧ ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ” ಎನ್ನುತ್ತಾಳೆ. ಸಂತೆಗೆ ಹೋಗಿ ಕೊತ್ತಂಬರಿ ಸೊಪ್ಪು ಮರೆತು ಬಂದರೆ ಇಡೀ ಚೀಲ ಅಪೂರ್ಣ ಅರ್ಜಿ. ಮಗಳು ಬೈಕಿನಲ್ಲಿ ಬಸ್ ಸ್ಟಾಂಡಿಗೆ ಬಿಡಲು ಹೇಳಿದಾಗ ನಾನು ಸೋಮಾರಿತನದಿಂದ ಆಕಳಿಸಿದರೆ, “ಅಭ್ಯರ್ಥಿಯು ಸ್ವಂತ ಖರ್ಚಿನಲ್ಲಿ ಹಾಜರಾಗತಕ್ಕದ್ದು, ಅಲ್ದಾ ಅಪ್ಪಯ್ಯ?” ಎಂದು ತಾನೇ ನಡೆದು ಹೋಗುತ್ತಾಳೆ. ಮೀನು ತರುವ ಹೆಂಗಸು ಮಾತ್ರ ಸರಳವಾಗಿ ಕೇಳುತ್ತಾಳೆ: “ಎಂತಾಯ್ತ್ ಮಾಷ್ಟ್ರೆ ನಿಮ್ ಕೆಲ್ಸ?” ನಾನು ಬುಟ್ಟಿಯಲ್ಲಿರುವ ಬಂಗುಡೆಯ ಕಿವಿರು ಎತ್ತಿ ಪರೀಕ್ಷಿಸಲು ತೊಡಗುತ್ತೇನೆ.

ಅರ್ಜಿ ಹಾಕುವವನು ನಾನಾದರೂ ಅರ್ಜಿ ತಯಾರಾಗುವುದು ಮನೆಮಂದಿಯಿಂದ. ಹಿಂದೆ ಪ್ರತಿಯೊಂದು ನಕಲಿಗೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು. ನಮ್ಮ ಕೈಗೆ ಸಿಗುತ್ತಿದ್ದ ಗೆಜೆಟೆಡ್ ಅಧಿಕಾರಿ ಎಂದರೆ ದನದ ಡಾಕ್ಟರು. ಕರುವಿಗೆ ಹುಷಾರಿಲ್ಲದ ದಿನ ನೋಡಿ ನಾನು ಎಂ.ಎ. ಅಂಕಪಟ್ಟಿ ಹಿಡಿದು ಹಟ್ಟಿಯಲ್ಲಿ ಕಾಯುತ್ತಿದ್ದೆ. ಅವರು ಮೊದಲು ಕರುವಿನ ನಾಲಗೆ ನೋಡಿ, ಕೈ ತೊಳೆದು, ಆಮೇಲೆ ನನ್ನ ಅಂಕ ನೋಡುತ್ತಿದ್ದರು. ಎರಡು ಸಲವೂ ಮುಖದಲ್ಲಿ ಅದೇ ಚಿಂತೆ. ಈಗ ಸ್ವಯಂ ದೃಢೀಕರಣ ಬಂದು ಕರುವಿಗೂ ನನಗೂ ಸಂಬಂಧ ತಪ್ಪಿತು. ನಾನು ನಾನೇ ಎಂದು ನಾನೇ ಸಹಿ ಹಾಕಬೇಕು. ನಲವತ್ತು ಪುಟ ದಾಟಿದ ಮೇಲೆ ಸಹಿಯ ಆಕಾರ ಬದಲಾಗುತ್ತದೆ, ನಂಬಿಕೆಯೂ.

ದಾಖಲೆಗಳ ಉಸ್ತುವಾರಿ ಹೆಂಡತಿಯದು. ಅವಳು ಓದಿದ್ದು ಬಿ.ಕಾಂ. ಜಾತಿ, ಆದಾಯ, ಕನ್ನಡ ಮಾಧ್ಯಮ, ಗ್ರಾಮೀಣ, ಪ್ರತಿಯೊಂದಕ್ಕೂ ಬೇರೆ ಬಣ್ಣದ ಪ್ಲಾಸ್ಟಿಕ್ ಲಕೋಟೆ. ಪ್ರತಿ ಲಕೋಟೆಯ ಮೇಲೆ ಅವಧಿ ಮುಗಿಯುವ ದಿನಾಂಕ. ಮೊದಲ ಪುಟದಲ್ಲಿ ಪರಿವಿಡಿ. “ಇಲ್ ಕಾಣಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇನ್ನೊಂದ್ ಸಲ ಎಲ್ಲಾರು ಬಿಟ್ಕಂಡ್ ಬಂದ್ರೆ ನಾ ಹುಡ್ಕುದಿಲ್ಲ” ಎಂಬ ಎಚ್ಚರಿಕೆಯೂ ಫೈಲಿನ ಜತೆ ಬರುತ್ತದೆ.

ಆನ್‌ಲೈನ್ ವಿಭಾಗ ಮಗಳದು. ಭಾವಚಿತ್ರ 50 ಕೆಬಿಗಿಂತ ಕಡಿಮೆ ಇರಬೇಕು, ಸಹಿ 20 ಕೆಬಿ. ಅವಳು ಕುಗ್ಗಿಸುತ್ತ ಹೋದಂತೆ ಚಿತ್ರದಲ್ಲಿ ಮೊದಲು ನನ್ನ ಕಿವಿ ಮಾಯವಾಯಿತು, ಆಮೇಲೆ ಕನ್ನಡಕ. 50ಕ್ಕೆ ಇಳಿಯುವ ಹೊತ್ತಿಗೆ ಉಳಿದದ್ದು ಮೀಸೆ ಮತ್ತು ಆಸೆ. ಒಟಿಪಿ ಹೋಗುವುದು ಎಂದೋ ಕೊಟ್ಟಿದ್ದ ಹಳೆಯ ನಂಬರಿಗೆ, ಆ ನಂಬರಿರುವುದು ಅಮ್ಮನ ಮೊಬೈಲಿನಲ್ಲಿ, ಅಮ್ಮನಿರುವುದು ತೋಟದ ಆಚೆ ತುದಿಯಲ್ಲಿ. ಅಲ್ಲಿಂದ ಅವಳು ಒಂದೊಂದೇ ಅಂಕಿಯನ್ನು ಕೂಗಿ ಹೇಳುತ್ತಾಳೆ, ನಡುವೆ ನೆರೆಮನೆಯವರು ಯಾರ ನಂಬರ್ ಎಂದು ಕೇಳಿದರೆ ಅವರಿಗೂ ವಿವರಿಸುತ್ತಾಳೆ. ಆರನೇ ಅಂಕಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮಳೆಗಾಲವಾದರೆ ಕರೆಂಟೂ ಮುಗಿದಿರುತ್ತದೆ. ಇಷ್ಟಾದ ಮೇಲೂ ಅರ್ಜಿಯ ಮುದ್ರಿತ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲೇ ಕಳಿಸಬೇಕೆಂದು ಒಂದು ಅಧಿಸೂಚನೆ ಹೇಳಿತು. 2025ರಲ್ಲಿ ಅಂಚೆ ಇಲಾಖೆ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನ ಮಾಡಿಬಿಟ್ಟಿದೆ. ಈ ಸುದ್ದಿಯನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಇನ್ನು ಪರಿಚಯಸ್ಥರ ಕಾಲಂ. ‘ಅಭ್ಯರ್ಥಿಯ ಸಂಬಂಧಿಕರಲ್ಲದ ಇಬ್ಬರು ಗಣ್ಯರ ಹೆಸರು, ವಿಳಾಸ.’ ಇದನ್ನು ಬರೆದವರು ಕುಂದಾಪುರ ಸೀಮೆಯನ್ನು ನೋಡಿದವರಲ್ಲ. ಇಲ್ಲಿ ಗಣ್ಯರು ಬೇಕಷ್ಟು ಇದ್ದಾರೆ, ಸಂಬಂಧಿಕರಲ್ಲದವರು ಸಿಗಬೇಕಲ್ಲ! ನಿವೃತ್ತ ಪ್ರಾಂಶುಪಾಲರೊಬ್ಬರ ಹೆಸರು ಹೇಳಿದೆ. ಅಮ್ಮ ಕಣ್ಣು ಮುಚ್ಚಿ, ಅವರ ಅಕ್ಕನ ಮಗಳನ್ನು ಹಾಲಾಡಿಗೆ ಕೊಟ್ಟದ್ದು, ಆ ಹಾಲಾಡಿಯವರ ಸೋದರತ್ತೆ ನಮ್ಮ ಅಜ್ಜನ ಮನೆಗೆ ಬಂದದ್ದು, ಎಲ್ಲ ಹೇಳಿ ಅವರನ್ನು ತೆಗೆದುಹಾಕಿದಳು. ಬ್ಯಾಂಕಿನ ಮ್ಯಾನೇಜರರನ್ನು ಹೇಳಿದೆ. ಅವರು ಸೊಸೆಯ ಕಡೆಯಿಂದ ಬಿದ್ದರು. ಕೊನೆಗೆ ಬಿಹಾರದಿಂದ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರು ಪಾರಾದರು. ಅವರ ಬಗ್ಗೆಯೂ ಅಮ್ಮ, “ಗೋತ್ರ ಕೇಣದ್ಯಾ?” ಎಂದು ಅನುಮಾನದಿಂದಲೇ ಇದ್ದಳು.

ಹಾಸ್ಯ ಬದಿಗಿರಲಿ, ಈ ಹುದ್ದೆಗಳ ಮೇಲೆ ನನಗೆ ನಿಜವಾದ ಮೋಹ ಇದೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟು ಬಂತು. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದರೆ ಎಂಟನೆಯದು ಮುಗಿದದ್ದು 1995ರಲ್ಲಿ. ಇಂಥ ಕೆಲಸ ಮೇಧಾವಿಯೊಬ್ಬರ ತಲೆಯಿಂದ ಮಾತ್ರ ಆಗುವುದಲ್ಲ. ಮನೆಮನೆಗೆ ಹೋಗಿ ಮುದುಕಿಯರ ಬಾಯಿಂದ ಶಬ್ದ ಕೇಳಿ ಬರೆದುಕೊಳ್ಳಲು ಜನ ಬೇಕು, ಚೀಟಿಗಳನ್ನು ಅಕಾರಾದಿಯಲ್ಲಿ ಜೋಡಿಸಲು ಜನ ಬೇಕು, ಕರಡು ತಿದ್ದಲು ಜನ ಬೇಕು. ಅಂಥ ಕೈಗಳು ಹತ್ತು, ಇಪ್ಪತ್ತು ವರ್ಷ ಒಂದೇ ಕಡೆ ನಿಂತರೆ ಅವಕ್ಕೆ ಬರುವ ಪಳಗು ಪುಸ್ತಕದಿಂದ ಬರುವುದಿಲ್ಲ. ಈಗಿನ ಯೋಜನೆಗಳಲ್ಲಿ ಆ ಕೈಗಳಿಗೆ ಹನ್ನೊಂದು ತಿಂಗಳು. ಕೆಲಸ ಕಲಿತು ಮುಗಿಸುವಾಗ ಕರಾರೂ ಮುಗಿದಿರುತ್ತದೆ. ಮುಂದಿನ ಯೋಜನೆಗೆ ಹೊಸಬ, ಮತ್ತೆ ಮೊದಲಿನಿಂದ. ಸಂಗ್ರಹಿಸಿದ ಮಾಹಿತಿ ಯಾವುದೋ ಹಾರ್ಡ್ ಡಿಸ್ಕಿನಲ್ಲಿ, ಅದನ್ನು ಅರ್ಥಮಾಡಿಕೊಂಡವನು ಯಾವುದೋ ಮೊಬೈಲ್ ಅಂಗಡಿಯಲ್ಲಿ. ಇದು ಸಂಶೋಧನೆಗೆ ಆಗುವ ನಷ್ಟ, ನನ್ನೊಬ್ಬನದ್ದಲ್ಲ. ಮುನ್ನುಡಿಯ ಕೊನೆಯ ಪ್ಯಾರಾದಲ್ಲಿ ‘ಇವರನ್ನೂ ಸ್ಮರಿಸುತ್ತೇನೆ’ ಎಂದು ಬರುವ ಸಾಲಿನಲ್ಲಿ ಒಂದು ಹೆಸರಾಗಬೇಕು ಎಂಬುದಷ್ಟೇ ನನ್ನ ಮಹತ್ವಾಕಾಂಕ್ಷೆ.

ಅದಕ್ಕಾಗಿ ಅಭ್ಯಾಸವನ್ನೂ ಮಾಡಿದೆ. ಕ್ಷೇತ್ರಕಾರ್ಯದ ಹುದ್ದೆಯೊಂದಕ್ಕೆ ಮಾದರಿ ಪ್ರಶ್ನಾವಳಿ ಹಿಡಿದು ಅಮ್ಮನ ಎದುರು ಕೂತೆ. 2025ರಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಬಂದ ಟೀಚರಮ್ಮ 60 ಪ್ರಶ್ನೆ ಕೇಳಿ ಹೋದಂದಿನಿಂದ ಅಮ್ಮನಿಗೆ ಈ ವಿಷಯದಲ್ಲಿ ಅನುಭವವಿತ್ತು. “ಕುಟುಂಬದ ಸದಸ್ಯರ ಸಂಖ್ಯೆ?” ಎಂದೆ.

“ಪಾಲಾಪುಕಿಂತ ಮುಂಚಿಯಾ, ಪಾಲಾದ್ ಮೇಲಾ?”

ಅಲ್ಲಿಂದ ಶುರುವಾದದ್ದು ಚಿಕ್ಕಪ್ಪ ಕಂಚಿನ ಹಂಡೆಗಾಗಿ ಉಪವಾಸ ಕೂತ ಪ್ರಸಂಗವನ್ನು ಹಾದು, ಯಾರ್ಯಾರು ಮುಂಬೈಗೆ ಹೋದರು, ಯಾವ ಹೋಟೆಲಿನಲ್ಲಿ ಕಪ್ಪು ತೊಳೆದರು, ಯಾರು ವಾಪಸು ಬಂದು ಗದ್ದೆ ಮಾರಿದರು ಎಂಬಲ್ಲಿಗೆ ಮುಟ್ಟಿತು. ನನ್ನ ಕಾಗದದಲ್ಲಿ ಅದಕ್ಕೆ ಇದ್ದದ್ದು ಒಂದು ಚೌಕ. ಒಂದು ಅಂಕಿ ಬರೆದೆ. “ಕುಡಿಯುವ ನೀರಿನ ಮೂಲ?” ಎಂಬುದಕ್ಕೆ, ಬಾವಿ ತೋಡಿದ್ದು ಯಾರು, ಯಾವ ವರ್ಷ ಮೊದಲ ಸಲ ನೀರು ಉಪ್ಪಾಯಿತು, ಹೊಳೆಬದಿಯ ಗದ್ದೆಗಳು ಸಿಗಡಿ ಕೆರೆಯಾದ ಮೇಲೆ ಏನಾಯಿತು, ಎಲ್ಲ ಬಂತು. ನಾನು ‘ಬಾವಿ’ ಎಂಬಲ್ಲಿ ಗುರುತು ಹಾಕಿದೆ. ಅಮ್ಮ ಬಗ್ಗಿ ನೋಡಿ, “ಅಷ್ಟೇಯಾ? ಇಷ್ಟ್ ಹೊತ್ ನಾ ಹೇಳದ್ ಎಲ್ಲಿ ಹಾಕ್ತೆ?” ಎಂದಳು. ಪ್ರಶ್ನಾವಳಿಯ ಮೇಲೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಂಶೋಧನಾ ವಿಧಾನ ಎಂಬ ಪತ್ರಿಕೆಯೇ ಇದೆ, ನೂರು ಅಂಕ.

ಕೊನೆಗೂ ಒಂದು ಸಂದರ್ಶನದ ಕರೆ ಬಂತು. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯ, ಕರಾವಳಿಯ ಹಳೆಯ ಬಂದರುಗಳ ಮೇಲೆ ಯೋಜನೆ, ಒಬ್ಬ ಪ್ರಾಜೆಕ್ಟ್ ಅಸಿಸ್ಟೆಂಟ್ ಬೇಕು. ನನಗಾಗಿಯೇ ಬರೆಸಿದ್ದು ಎಂದು ಇಡೀ ಮನೆ ನಂಬಿತು. ದಿನಾಂಕ ಮಾತ್ರ ಸರಿಯಾಗಿ ಕೊಡಿ ಹಬ್ಬದ್ದೇ. ಕೋಟೇಶ್ವರದಲ್ಲಿ ಹುಟ್ಟಿ ಕೋಟಿಲಿಂಗೇಶ್ವರನ ತೇರಿನ ದಿನ ಊರು ಬಿಡುವುದೆಂದರೆ ಸಣ್ಣ ಮಾತಲ್ಲ. ಹೊಸತಾಗಿ ಮದುವೆಯಾದ ತಂಗಿಯ ಮಗಳು, ಅಳಿಯ, ಕಬ್ಬಿನ ಕೊಡಿ ತಕೊಳ್ಳಲೆಂದೇ ಬೆಂಗಳೂರಿನಿಂದ ನಮ್ಮ ಮನೆಗೆ ಇಳಿಯುತ್ತಿದ್ದರು. ಅವರು ಬಸ್ಸಿನಿಂದ ಇಳಿದರು, ನಾನು ಬಸ್ಸು ಹತ್ತಿದೆ. ಬಾಳೆಬರೆ ಘಾಟಿಯ ತಿರುವುಗಳಲ್ಲಿ ರಾತ್ರಿಯಿಡೀ ಬಸ್ರೂರಿನ ಇತಿಹಾಸವನ್ನು ಮನಸ್ಸಿನಲ್ಲೇ ಪಾಠ ಮಾಡುತ್ತ ಹೋದೆ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದದ್ದು, ಇಲ್ಲಿಂದ ಗೋವೆಗೆ ಅಕ್ಕಿ ಹೋದದ್ದು, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಸೂರೆ ಮಾಡಿದ್ದು, ಶಾಸನಗಳಲ್ಲಿ ಬರುವ ಹಂಜಮಾನ ವರ್ತಕರು, ಪಾದೂರು ಗುರುರಾಜ ಭಟ್ಟರು 1975ರ ತಮ್ಮ ದೊಡ್ಡ ಪುಸ್ತಕದಲ್ಲಿ ತುಳುನಾಡಿನ ಇತಿಹಾಸವನ್ನು ಕಟ್ಟಿಕೊಟ್ಟದ್ದು.

ಅಲ್ಲಿ ಕಾರಿಡಾರಿನ ತುಂಬ ಜನ. ಅಧಿಸೂಚನೆ ಕೇಳಿದ್ದು ಶೇ. 55 ಅಂಕದ ಎಂ.ಎ.; ಬಂದವರಲ್ಲಿ ಪಿಎಚ್.ಡಿ.ಯವರೇ ಎದ್ದು ಕಾಣುತ್ತಿದ್ದರು. ಪಕ್ಕದಲ್ಲಿ ಕೂತವರು ಅತಿಥಿ ಉಪನ್ಯಾಸಕರಾಗಿ ಕೂದಲು ಹಣ್ಣು ಮಾಡಿಕೊಂಡವರು. ಅವರು ತಮ್ಮ ಪುಸ್ತಕ ತೋರಿಸಿದರು, ನಾನು ನನ್ನ ಫೈಲು ತೋರಿಸಿದೆ. ಮಧ್ಯಾಹ್ನದ ಮೇಲೆ ನನ್ನ ಹೆಸರು ಕೂಗಿದರು. ಒಳಗೆ ನಾಲ್ವರು. ಮೊದಲ ಪ್ರಶ್ನೆ ಪ್ರಧಾನ ಸಂಶೋಧಕರದು, ಬಹಳ ಮೃದುವಾಗಿ: “ಬಸ್ರೂರಿನ ಬಗ್ಗೆ ಕೆಲಸ ಮಾಡಿದ್ದೀರಿ. ಬಸ್ರೂರಿನ ಮಹತ್ವ ಏನು?”

ರಾತ್ರಿಯಿಡೀ ಜೋಡಿಸಿದ್ದೆಲ್ಲ ಘಾಟಿಯಲ್ಲೇ ಉದುರಿತ್ತು. “ಅದು ನನ್ನ ಹೆಂಡತಿಯ ತವರು, ಸರ್” ಎಂದೆ.

ಹೊರಗಿನಿಂದ ಬಂದ ತಜ್ಞರು ನೀರು ಕುಡಿಯುತ್ತಿದ್ದವರು ಕೆಮ್ಮಿದರು. ಆಮೇಲೆ ಅಕ್ಕಿ, ಶಿವಾಜಿ, ಹಂಜಮಾನ ಎಲ್ಲ ಒಂದರ ಮೇಲೊಂದು ಹೊರಗೆ ಬಿತ್ತು, ಆದರೆ ಕ್ರಮ ತಪ್ಪಿ. ಶಿವಾಜಿಯನ್ನು ಕಳಿಸಿದ ಮೇಲೆ ಪೋರ್ಚುಗೀಸರನ್ನು ಕರೆತಂದೆ ಎಂದು ನೆನಪು. ಅವರು ನನ್ನ ಫೈಲು ತಿರುವಿಹಾಕಿದರು. ಪರಿವಿಡಿ, ಬಣ್ಣದ ಲಕೋಟೆ, ಅವಧಿಯ ಚೀಟಿ. ನಾಲ್ವರೂ ಕೈ ಬದಲಾಯಿಸಿ ನೋಡಿದರು. “ಇದನ್ನು ಮಾಡಿದ್ದು ಯಾರು?” “ಮನೆಯವರು, ಸರ್.” “ಅವರು ಅರ್ಜಿ ಹಾಕಿದ್ದಾರೆಯೇ?”

ಊರಿಗೆ ಬಂದು ಈ ಮಾತನ್ನು ಹೆಂಡತಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಸಂಬಳ ಎಷ್ಟು, ಮನೆಬಾಡಿಗೆ ಭತ್ಯೆ ಇದೆಯೇ, ರಜೆ ಎಷ್ಟು ಎಂದು ವಿಚಾರಿಸಿ, ಒಂದು ಗಳಿಗೆ ಗಂಭೀರವಾಗಿ ಯೋಚಿಸಿ, “ಬ್ಯಾಡ. ಇಲ್ಲ್ ಪರ್ಮನೆಂಟ್ ಪೋಸ್ಟಿತ್ತಲೆ, ಸಂಬ್ಳ ಒಂದ್ ಇಲ್ಲ” ಎಂದು ಹಬ್ಬದಿಂದ ಉಳಿದ ಕಬ್ಬಿನ ತುಂಡು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಈ ನಡುವೆ ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವಳ ತಮ್ಮ, ಅಲ್ಲಿನ ವಿಶ್ವವಿದ್ಯಾಲಯವೊಂದರ ಸಂಶೋಧನಾ ಸಹಾಯಕ ಹುದ್ದೆಯ ಜಾಹೀರಾತು ಕಳಿಸಿ, “ಭಾವ, ಒಂದ್ ಹಾಕಿ ಕಾಣಿ” ಎಂದ. ಅಲ್ಲಿ ಜಾತಿ ಪ್ರಮಾಣಪತ್ರ ಬೇಡ, ತಂದೆಯ ಹೆಸರು ಬೇಡ, ಭಾವಚಿತ್ರವೂ ಬೇಡ. ಇಷ್ಟೆಲ್ಲ ಬೇಡವಾದರೆ ಇವರಿಗೆ ಮನುಷ್ಯನ ಗುರುತು ಹತ್ತುವುದಾದರೂ ಹೇಗೆ ಎಂದು ಅಮ್ಮನಿಗೆ ಕಳವಳ. ಅದರ ಬದಲು ಕತೆ ಕೇಳುತ್ತಾರೆ. ‘ನೀವು ತಂಡದಲ್ಲಿ ಕೆಲಸ ಮಾಡಿದ ಒಂದು ಸಂದರ್ಭ ವಿವರಿಸಿ. ಆಗ ಎದುರಾದ ಸವಾಲು ಏನು, ನೀವು ಏನು ಮಾಡಿದಿರಿ, ಫಲಿತಾಂಶ ಏನಾಯಿತು?’ ಪರಿಸ್ಥಿತಿ, ಹೊಣೆ, ಕ್ರಿಯೆ, ಫಲ ಎಂದು ನಾಲ್ಕು ಮೆಟ್ಟಿಲಲ್ಲಿ ಬರೆಯಬೇಕಂತೆ.

ತಂಡ ಎಂದರೆ ನನಗೆ ನೆನಪಾದದ್ದು ಹಲಸಿನ ಹಪ್ಪಳ. ಪರಿಸ್ಥಿತಿ: ಮೇ ತಿಂಗಳ ಕೊನೆ, ಮಳೆ ಯಾವಾಗ ಬೇಕಾದರೂ ಬರಬಹುದು. ಹೊಣೆ: ಅಮ್ಮ ಬೇಯಿಸುವುದು, ಹೆಂಡತಿ ರುಬ್ಬುವುದು, ನೆರೆಮನೆಯವರು ಒತ್ತುವುದು, ಮಗಳು ತಾರಸಿಯ ಚಾಪೆಯ ಮೇಲೆ ಹರಡುವುದು, ಕಾಗೆ ಕಾಯುವುದು ನಾನು. ಕ್ರಿಯೆ: ಕೋಲು ಹಿಡಿದು ಮಾಡಿನ ನೆರಳಲ್ಲಿ ಕೂತೆ, ಪೇಪರು ಓದಿದೆ, ಗಾಳಿ ಚೆನ್ನಾಗಿತ್ತು. ಫಲ: ಕಾಗೆಗಳಿಗೆ ಚೆನ್ನಾಗಿತ್ತು. ಮಗಳು ಇದನ್ನು ಇಂಗ್ಲಿಷಿಗೆ ಇಳಿಸುವಾಗ ನಾನು ಹವಾಮಾನ ಆಧಾರಿತ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ನಷ್ಟ ನಿಯಂತ್ರಣದ ಹೊಣೆ ಹೊತ್ತವನಾಗಿದ್ದೆ. ನಿದ್ದೆಯ ಭಾಗ ಬಿಟ್ಟಿದ್ದಳು.

ಕಳಿಸಿದ ಮೇಲೆ ಭಾವಮೈದ ಇನ್ನೊಂದು ಸಂಗತಿ ಹೇಳಿದ. 2025ರ ಜುಲೈಯಿಂದ ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಇರಬೇಕು. ಈ ಹುದ್ದೆಯ ಸಂಬಳ ಅದಕ್ಕಿಂತ ಕೆಳಗೆ. ಎಂದರೆ ಕೆಲಸ ಸಿಕ್ಕಿದರೂ ಹೋಗುವಂತಿರಲಿಲ್ಲ. ನನ್ನ ಅರ್ಜಿಗಳ ಇತಿಹಾಸದಲ್ಲಿ ಇಷ್ಟು ನಿರಾಳವಾಗಿ ಫಲಿತಾಂಶ ಕಾದದ್ದು ಬೇರೆ ಇಲ್ಲ.

ಆ ಫಲಿತಾಂಶ ಬಂತು. ಬಂತು ಎಂಬುದೇ ವಿಶೇಷ. ಮೂರು ಸಾಲಿನ ಇಮೇಲು: ಅರ್ಜಿ ಹಾಕಲು ಸಮಯ ಕೊಟ್ಟದ್ದಕ್ಕೆ ಕೃತಜ್ಞತೆ, ಅರ್ಜಿಗಳು ಬಹಳ ಬಂದವು, ಈ ಸಲ ನಿಮ್ಮನ್ನು ಆಯ್ಕೆ ಮಾಡಲಾಗಲಿಲ್ಲ. ಯಂತ್ರವೇ ಕಳಿಸಿದ್ದಿರಬೇಕು. ಆದರೂ ಅಮ್ಮ ಅದನ್ನು ಮಗಳಿಂದ ಎರಡು ಸಲ ಓದಿಸಿ ಅರ್ಥ ಕೇಳಿದಳು. “ಕೆಲ್ಸ ಇಲ್ಲ ಅಂಬುದನ್ನ ಎಷ್ಟ್ ಚಂದ ಮಾಡಿ ಹೇಳಿರ್ ಕಾಣ್. ಮರ್ಯಾದಿಯ ಮನ್ಷರ್” ಎಂದು, ಪ್ರಿಂಟ್ ತೆಗೆಸಿ ಪಂಚಾಂಗದ ಒಳಗೆ ಇಟ್ಟಿದ್ದಾಳೆ. ಬಂದ ನೆಂಟರಿಗೆ ತೋರಿಸುತ್ತಾಳೆ. ಅರ್ಧ ಊರು ನನಗೆ ವಿಲಾಯತಿಯಲ್ಲಿ ಕೆಲಸವಾಗಿದೆ ಎಂದುಕೊಂಡಿದೆ.

ಘಟ್ಟದ ಮೇಲಿನವರಿಂದ ಏನೂ ಬರಲಿಲ್ಲ. ಅದಕ್ಕೂ ಹಿಂದಿನವುಗಳಿಂದಲೂ ಬಂದಿರಲಿಲ್ಲ. ಆಯ್ಕೆಯಾದವರಿಗೆ ಮಾತ್ರ ತಿಳಿಸಲಾಗುವುದು ಎಂದು ಮೊದಲೇ ಹೇಳಿದ್ದಾರೆ, ಮಾತಿಗೆ ತಪ್ಪಿದವರಲ್ಲ. ಆದರೆ ಅರ್ಜಿ ಹಾಕಿದ್ದು ನಾನೊಬ್ಬನೇ ಅಲ್ಲವಲ್ಲ. ಲಕೋಟೆಗೆ ಬಣ್ಣ ಹುಡುಕಿದವಳು ಒಬ್ಬಳು, ಫೋಟೋ ಕುಗ್ಗಿಸಿದವಳು ಒಬ್ಬಳು, ತೋಟದ ತುದಿಯಿಂದ ಒಟಿಪಿ ಕೂಗಿದವಳು ಒಬ್ಬಳು. ಈ ಮೂವರೂ ಪೋಸ್ಟಿನವರ ಸೈಕಲ್ಲು ಗೇಟು ದಾಟಿ ಹೋಗುವುದನ್ನು ತಿಂಗಳುಗಟ್ಟಲೆ ನೋಡುತ್ತಾರೆ.

ಆದ್ದರಿಂದ ಕುಲಸಚಿವರಲ್ಲಿ, ಪ್ರಧಾನ ಸಂಶೋಧಕರಲ್ಲಿ, ಆ ಕಚೇರಿಗಳಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಕೂತಿರುವ ನನ್ನ ಪುಣ್ಯವಂತ ಸಹೋದ್ಯೋಗಿಗಳಲ್ಲಿ ಒಂದು ಬಿನ್ನಹ. ಆಯ್ಕೆಯಾಗದವರಿಗೂ ಒಂದು ಸಾಲು ಬರೆದು ಹಾಕಿ. ಇಮೇಲಿಗೆ ಖರ್ಚಿಲ್ಲ. ಪೋಸ್ಟ್ ಕಾರ್ಡೇ ಆಗಬೇಕೆಂದರೆ ಅದಕ್ಕೆ ಈಗಲೂ 50 ಪೈಸೆ. ಕಾರಣ ಕೊಡುವುದು ಬೇಡ, ‘ಇಲ್ಲ’ ಎಂದರೆ ಸಾಕು. ವಿಳಾಸ ಹುಡುಕುವ ಕಷ್ಟವೂ ಇಲ್ಲ; ನಿಮ್ಮ ನಮೂನೆಯಲ್ಲಿ ಶಾಶ್ವತ, ತಾತ್ಕಾಲಿಕ, ಪತ್ರವ್ಯವಹಾರ ಎಂದು ಮೂರು ಕಡೆ ಕೇಳಿದ್ದೀರಿ, ಮೂರು ಕಡೆಯೂ ಕೋಟೇಶ್ವರದ ನಮ್ಮ ಮನೆಯದನ್ನೇ ಬರೆದಿದ್ದೇನೆ.